ಎಡಗಡೆಯ ಬಾಗಿಲು

ಕಾಲ್ಡ್‌ಮೋರ್ ಹಾಲ್, ಶ್ರಾಪ್‌ಶೈರ್
೬ ಫೆಬ್ರವರಿ ೧೯೭೭

ಪ್ರೀತಿಯ ಅಪ್ಪ,

ಇಲ್ಲಿ ನಾಯಿಗಳನ್ನು ಬಿಟ್ಟರೆ ಎಲ್ಲರಿಗೂ ನೆಗಡಿ. ಪಶ್ಚಿಮದ ಹೊಲದಲ್ಲಿ ನೀರು ನಿಂತಿದೆ. ಹಂಚು ಹೊದಿಸುವವನು ಬರುತ್ತೇನೆಂದು ಹೇಳಿ ಹೋದವನು ಇನ್ನೂ ಬಂದಿಲ್ಲ. ಹೀಗೆ ಬರೆಯುತ್ತಾ ಹೋದರೆ ನೀವು ಓದುವುದಿಲ್ಲ ಎಂದು ಗೊತ್ತು. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಕರ್ನಲ್ ಪೆಂಬರಿ ನನ್ನನ್ನು ಹಿಡಿದರು. ಕ್ಷೇತ್ರದ ಪಕ್ಷ ಸಮಿತಿಗೆ ಅಧ್ಯಕ್ಷರಾದ ಮೇಲೆ ಅವರು ಪ್ರಾರ್ಥನೆಗೆ ಬರುವುದು ದೇವರಿಗಾಗಿ ಅಲ್ಲ, ನನಗಾಗಿ ಎಂದು ನನ್ನ ಅನುಮಾನ.

“ನೋಡಮ್ಮ ಹೆಸ್ಟರ್, ಗುರುವಾರ ನಿಮ್ಮಪ್ಪ ಪಾರ್ಲಿಮೆಂಟ್ ಸಭೇಲಿ ಇರ್ತಾರೆ ತಾನೆ?”

“ಮೂವತ್ತನಾಲ್ಕು ವರ್ಷದಿಂದ ಅಲ್ಲೇ ಇದಾರಲ್ಲ, ಕರ್ನಲ್.”

“ಇರೋದು ಬೇರೆ, ಮತ ಹಾಕೋದು ಬೇರೆ. ಈ ಮನೆ ಮಸೂದೆ ಪಾಸಾಯ್ತೂ ಅಂದ್ರೆ ನಮ್ಮ ಮನೆ ನಮ್ದಲ್ಲ. ಕೆಲಸ ಬಿಟ್ಟ ಆಳು ಮನೆ ಬಿಡಲ್ಲ ಅಂತ ಕೂತ್ರೆ ಹೊಸಬನ್ನ ಎಲ್ಲಿ ಮಲಗಿಸ್ಲಿ? ನನ್ನ ಪಕ್ಕದಲ್ಲಾ?”

ನಗಬೇಕಾಗಿತ್ತು, ನಕ್ಕೆ. ಆದರೆ ಅದೇ ಪ್ರಶ್ನೆ ನನ್ನ ಮೇಜಿನ ಮೇಲೂ ಇದೆ. ನಮ್ಮ ಕುರಿಗಾಹಿ ಟಿಬೆಟ್ ನವೆಂಬರಿನಲ್ಲಿ ತೀರಿಕೊಂಡ. ಕೆಲಸದ ಜೊತೆಗೆ ಬಂದ ಮನೆ ಕೆಲಸದ ಜೊತೆಗೇ ಹೋಗಬೇಕು. ನಮ್ಮಲ್ಲಿ ಎಂದಿನಿಂದಲೂ ಹಾಗೇ. ಹೊಸ ಕುರಿಗಾಹಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾರ್ಚಿ ಕೊನೆಗೆ ಬರುತ್ತಾನೆ. ಮಿಸೆಸ್ ಟಿಬೆಟ್‌ಗೆ ಖಾಲಿ ಮಾಡಲು ಹೇಳಬೇಕಾದವಳು ನಾನು. ಹೇಳುವುದಕ್ಕೆಂದೇ ಎರಡು ಸಲ ಹೋದೆ. ಎರಡು ಸಲವೂ ಚಹಾ ಕುಡಿದು ಎದ್ದು ಬಂದೆ.

ಗುರುವಾರ ಮಸೂದೆ ಬಿದ್ದುಹೋದರೆ ನಾನು ಹೇಳಲೇಬೇಕು. ಪಾಸಾದರೆ ಹೇಳುವ ಹಾಗಿಲ್ಲ. ನನಗೆ ಯಾವುದು ಬೇಕು ಎಂದು ಕೇಳಿಕೊಂಡೆ. ಬೀಳಲಿ ಎಂದೇ ಮನಸ್ಸು ಹೇಳುತ್ತದೆ. ಕುರಿ ಈಯುವ ಕಾಲಕ್ಕೆ ಕುರಿಗಾಹಿ ಕೊಟ್ಟಿಗೆಯ ಪಕ್ಕದಲ್ಲಿರಬೇಕು, ಅಷ್ಟೇ ಕಾರಣ. ಅಷ್ಟೇ ಎಂದುಕೊಳ್ಳುತ್ತೇನೆ.

ನಿಮ್ಮ ಮೊಣಕಾಲು ಹೇಗಿದೆ? ಇದ್ರಿಸ್ ಅವರು ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆಯೇ?

ನಿಮ್ಮ,
ಹೆಸ್ಟರ್


ಕಾಮನ್ಸ್ ಸಭೆ, ವೆಸ್ಟ್‌ಮಿನ್‌ಸ್ಟರ್
೮ ಫೆಬ್ರವರಿ

ಮಗಳೇ,

ಗುರುವಾರ ನಾನು ಮತ ಹಾಕುವುದಿಲ್ಲ ಎಂದು ಪೆಂಬರಿಗೆ ತಿಳಿಸು. ಕೂಗಾಡುತ್ತಾನೆ. ಕೂಗಾಡಲಿ.

ನಾನು ಇದ್ರಿಸ್ ಪ್ರಾಸರನ ಜೋಡಿ. ಜೋಡಿ ಎಂದರೇನೆಂದು ಪೆಂಬರಿಗೆ ಇನ್ನೊಮ್ಮೆ ವಿವರಿಸು; ಎದುರು ಪಾಳೆಯದವನಿಗೆ ಮಾತು ಕೊಡುವುದು ಸೈನ್ಯದಲ್ಲಿದ್ದವನ ತಲೆಗೆ ಹತ್ತುವುದಿಲ್ಲ. ಆಚೆ ಬೆಂಚಿನ ಒಬ್ಬ ಬರಲಾಗದಿದ್ದರೆ ಈಚೆ ಬೆಂಚಿನ ಅವನ ಜೋಡಿಯೂ ಮತ ಹಾಕದೆ ದೂರ ಉಳಿಯುತ್ತಾನೆ. ಎರಡೂ ಕಡೆ ಒಂದೊಂದು ಕಡಿಮೆ, ಲೆಕ್ಕ ಸರಿಹೋಯಿತು. ಕಾಗದವಿಲ್ಲ, ಸಾಕ್ಷಿಯಿಲ್ಲ, ಬರೀ ಬಾಯಿಮಾತು. ಅವನ ಮನೆಯಲ್ಲಿ ಮದುವೆ, ನಾಮಕರಣಗಳಿದ್ದಾಗ ಅವನಿಗೆ, ನಿನ್ನ ತಾಯಿಯ ಕೊನೆಯ ತಿಂಗಳುಗಳಲ್ಲಿ ನನಗೆ, ಹೀಗೇ ನಡೆದುಬಂದಿದೆ. ಒಂದು ಸಲವೂ ಯಾರೂ ತಪ್ಪಿಲ್ಲ.

ನಿನ್ನೆ ನೋಡಿ ಬಂದೆ. ಕಲ್ಲಿದ್ದಲು ಗಣಿಯಲ್ಲಿ ನುಂಗಿದ ಧೂಳು ಈಗ ಬಡ್ಡಿ ಕೇಳುತ್ತಿದೆ. ಬಾಯಿ ಮಾತ್ರ ಹಾಗೇ ಇದೆ.

“ಏನಯ್ಯ ಜಮೀನ್ದಾರ, ನಾನು ಸಾಯೋದನ್ನ ಕಾಯ್ತಾ ಕೂತಿದೀಯಾ?”

“ಗುರುವಾರ ಕಳೆದ ಮೇಲೆ ಸಾಯಿ ಮಾರಾಯ.”

“ಯಾಕೆ, ಅಷ್ಟರೊಳಗೆ ಸತ್ರೆ ನೀನು ಎದ್ದು ಹೋಗಿ ಮತ ಹಾಕ್ಬೇಕಾಗತ್ತೆ ಅಂತಾನಾ?”

ನಕ್ಕ. ಆಮೇಲೆ ತುಂಬ ಹೊತ್ತು ಕೆಮ್ಮಿದ. ನರ್ಸ್ ಬಂದು ನನ್ನನ್ನು ಗದರಿದಳು.

ಮೊಣಕಾಲು ಇದೆ. ದಣಿವೂ ಇದೆ, ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಹಂಚಿನವನಿಗೆ ಮುಂಗಡ ಕೊಡಬೇಡ.

ಅಪ್ಪ


ಕಾಲ್ಡ್‌ಮೋರ್
೧೨ ಫೆಬ್ರವರಿ

ಪ್ರೀತಿಯ ಅಪ್ಪ,

ಇದ್ರಿಸ್ ಅವರ ಸುದ್ದಿ ಕೇಳಿ ದುಃಖವಾಯಿತು. ನಿಮ್ಮ ಇಡೀ ಪಕ್ಷದಲ್ಲಿ ನಿಮ್ಮನ್ನು ನಗಿಸಬಲ್ಲವರು ಒಬ್ಬರೂ ಇರಲಿಲ್ಲ. ಅವರೊಬ್ಬರು ಆಚೆಯಿಂದ ನಗಿಸುತ್ತಿದ್ದರು.

ಆದರೆ ಸುದ್ದಿ ನನಗೆ ತಿಳಿದ ರೀತಿ ಚೆನ್ನಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಕರ್ನಲ್ ಫೋನ್ ಮಾಡಿದರು. ಮಸೂದೆ ಒಂದೇ ಒಂದು ಮತದಿಂದ ಪಾಸಾಗಿದೆ, ನಿಮ್ಮದೊಂದು ಬಿದ್ದಿದ್ದರೆ ಸಮವಾಗುತ್ತಿತ್ತು, ಸಮವಾದರೆ ಸ್ಪೀಕರ್ ಪದ್ಧತಿಯಂತೆ ಇದ್ದದ್ದನ್ನು ಇದ್ದ ಹಾಗೇ ಉಳಿಸುತ್ತಿದ್ದರು, ಮಸೂದೆ ಮಣ್ಣುಪಾಲಾಗುತ್ತಿತ್ತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರು. ನಾನು ಜೋಡಿಯ ಮಾತೆತ್ತಿದೆ.

“ಯಾರ ಜೋಡಿ? ಆ ಮನುಷ್ಯ ಮಧ್ಯಾಹ್ನ ನಾಲ್ಕಕ್ಕೇ ಸತ್ತುಹೋಗಿದ್ದ ಕಣಮ್ಮ! ಮತ ಇದ್ದದ್ದು ಸಂಜೆ ಏಳಕ್ಕೆ. ಸತ್ತವನಿಗೆ ಎಂಥ ಜೋಡಿ?”

ಜೋಡಿಯವನು ತೀರಿಕೊಂಡರೆ ಮಾತೂ ತೀರುತ್ತದೆ ಎನ್ನುವುದು ನಿಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮವಂತೆ. ಪಕ್ಷದ ವಿಪ್ ನಿಮ್ಮನ್ನು ಹುಡುಕಿಸಿದರಂತೆ. ನೀವು ಗ್ರಂಥಾಲಯದಲ್ಲಿ, ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಸಿಕ್ಕಿದಿರಂತೆ, ಎಲ್ಲ ಮುಗಿದ ಮೇಲೆ.

ಅಪ್ಪ, ಏಳು ಗಂಟೆಗೆ ನಿಮಗೆ ಗೊತ್ತಿತ್ತೇ?

ಹೆಸ್ಟರ್


ಕಾಮನ್ಸ್ ಸಭೆ
೨೦ ಫೆಬ್ರವರಿ

ಮಗಳೇ,

ಇದ್ರಿಸನನ್ನು ಮಣ್ಣು ಮಾಡಿ ಬಂದೆವು. ಬೆಟ್ಟದ ಇಳಿಜಾರಿನಲ್ಲಿ ಕಣಿವೆಗೆ ಬೆನ್ನು ಹಾಕಿಕೊಂಡಿರುವ ಪ್ರಾರ್ಥನಾಮಂದಿರ. ಒಳಗೆ ಜಾಗ ಸಾಲದೆ ಗಂಡಸರು ಹೊರಗೆ ಮಳೆಯಲ್ಲಿ ನಿಂತಿದ್ದರು. ಒಳಗಿನವರು ಹಾಡು ಎತ್ತಿಕೊಂಡರೆ ಹೊರಗಿನವರು ಸೇರಿಸಿಕೊಳ್ಳುತ್ತಿದ್ದರು. ವೇಲ್ಸ್ ಭಾಷೆ, ನನಗೆ ಒಂದಕ್ಷರವೂ ತಿಳಿಯಲಿಲ್ಲ. ನಮ್ಮಲ್ಲಿ ಹಾಡುವಾಗ ಪಕ್ಕದವನಿಗೆ ಕೇಳಿಸದಂತೆ ಹಾಡುತ್ತೇವಲ್ಲ, ಅಲ್ಲಿ ಹಾಗಲ್ಲ.

ಆಮೇಲೆ ಅವನ ಹೆಂಡತಿ ನೆಸ್ಟಾ ಬೇಯಿಸಿದ ಹಂದಿಮಾಂಸ, ಬ್ರೆಡ್ಡು, ಕಪ್ಪಗಿನ ಚಹಾ ಕೊಟ್ಟಳು. ಅವನ ತಮ್ಮ ನನ್ನ ಕೋಟು ನೋಡಿ, “ಇವರೇನಾ ಜಮೀನ್ದಾರ್ರು?” ಎಂದ. “ಇವರೇ, ಕುರ್ಚಿ ಕೊಡು, ಮಂಡಿ ನೋವಿನ ಮನುಷ್ಯ,” ಎಂದಳು. ಇದ್ರಿಸ್ ಮನೆಯಲ್ಲಿ ನನ್ನ ಮಂಡಿಯ ಬಗ್ಗೆ ಮಾತಾಡಿದ್ದಾನೆ.

ರೈಲು ತಡವಾಗಿತ್ತು. ಕಾಲ್ಡ್‌ಮೋರಿನ ನಿಲ್ದಾಣವನ್ನು ದಾಟಿಯೇ ಹೋಗುತ್ತದೆ. ಇಳಿಯೋಣ ಅನ್ನಿಸಿತು. ಸೋಮವಾರ ಕಲಾಪವಿತ್ತು.

ಅಪ್ಪ


ಕಾಲ್ಡ್‌ಮೋರ್
೬ ಮಾರ್ಚ್

ಪ್ರೀತಿಯ ಅಪ್ಪ,

ನಾನು ಕೇಳಿದ್ದಕ್ಕೆ ನೀವು ಉತ್ತರಿಸಲಿಲ್ಲ. ಕೇಳಬಾರದಿತ್ತೇನೋ ಎಂದು ಎರಡು ವಾರ ಸುಮ್ಮನಿದ್ದೆ. ಈಗ ಸುಮ್ಮನಿರಲು ಬಿಡುತ್ತಿಲ್ಲ.

ನಿನ್ನೆ ಸಮಿತಿಯವರು ಕರೆಸಿದ್ದರು. ಅದೇ ಮಹಡಿಯ ಕೋಣೆ, ಗೋಡೆಯ ಮೇಲೆ ಅದೇ ಸಾಲು: ಮುತ್ತಜ್ಜ, ಅಜ್ಜ, ನೀವು. ಮುತ್ತಜ್ಜನ ಕಾಲದಲ್ಲಿ ನಮ್ಮ ಒಕ್ಕಲುಗಳು ಗಾಡಿ ಕಟ್ಟಿಕೊಂಡು ಬಂದು, ಪೇಟೆ ಚೌಕದಲ್ಲಿ ಎಲ್ಲರೆದುರು ಅವನ ಹೆಸರು ಕೂಗಿ ಮತ ಹಾಕಿ, ಅವನದೇ ಖರ್ಚಿನಲ್ಲಿ ಊಟ ಮಾಡಿ ಹೋಗುತ್ತಿದ್ದರಂತೆ. ಬೇರೆ ಹೆಸರು ಕೂಗಿದವನಿಗೆ ಮುಂದಿನ ಸುಗ್ಗಿಗೆ ಗೇಣಿಗೆ ಹೊಲವಿಲ್ಲ. ಇದನ್ನು ಮನೆಯಲ್ಲಿ ನಗೆಮಾತಾಗಿ ಹೇಳುತ್ತಿದ್ದಿರಿ. ನಾನೂ ಶಾಲೆಯಲ್ಲಿ ಹಾಗೇ ಹೇಳಿ ಗೆಳತಿಯರನ್ನು ನಗಿಸಿದ್ದೇನೆ.

ಕರ್ನಲ್ ಕೋಪದಲ್ಲಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

“ನೋಡಮ್ಮ, ನಿಮ್ಮಪ್ಪಂಗೆ ದಾರಿ ಇಲ್ಲ ಅಂತಲ್ಲ. ಪ್ರಾಸರ್ ಸತ್ತ ಸುದ್ದಿ ನನಗೆ ಮುಟ್ಟಿರ್ಲಿಲ್ಲ ಅಂತ ಒಂದು ಸಾಲು ಬರೆದುಕೊಡ್ಲಿ. ಫೋನು, ಚೀಟಿ, ಏನೋ ಒಂದು ತಪ್ಪಿಹೋಯ್ತು. ಆಗತ್ತಪ್ಪ, ವಯಸ್ಸಾಯ್ತು. ಎಲ್ಲಾರೂ ಮರೀತೀವಿ.”

“ಬರೀದಿದ್ರೆ?”

“ಬರೀದಿದ್ರೆ ಇಪ್ಪತ್ತಾರಕ್ಕೆ ಸಭೆ. ಮುಂದಿನ ಚುನಾವಣೆಗೆ ಅವರಿಗೆ ಟಿಕೆಟ್ ಇಲ್ಲ. ಆದ್ರೆ ಪಾರ್ಲಿಮೆಂಟಿನ ಈ ಪೀಠ ನಿಮ್ಮ ಟರ್ವಿಲ್ ಮನೆ ಬಿಟ್ಟು ಹೋಗ್ಬಾರ್ದು ನೋಡು. ನೀನಿದೀಯಲ್ಲ! ಹದಿನೈದು ವರ್ಷದಿಂದ ಜಮೀನು ನೋಡ್ಕೋತಿದೀಯ, ನಮ್ಮ ಕಷ್ಟ ಗೊತ್ತು. ಟರ್ವಿಲ್ ಹೋಗಿ ಟರ್ವಿಲ್ ಬಂದ್ರೆ ಜನಕ್ಕೆ ಗೊತ್ತೂ ಆಗಲ್ಲ.”

ಕಸಾಯಿ ಅಂಗಡಿಯ ಮಿಸೆಸ್ ಗಾರ್ಸೈಡ್ ಮೂಲೆಯಲ್ಲಿ ಹೆಣಿಗೆ ಹಾಕುತ್ತಿದ್ದವರು ತಲೆಯೆತ್ತದೆ, “ಟೋಪಿ ಬೇರೆ ಇರತ್ತಲ್ಲ, ಗೊತ್ತಾಗತ್ತೆ ಬಿಡಿ,” ಎಂದರು.

ಅಪ್ಪ, ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಇಪ್ಪತ್ತೈದು ವರ್ಷದ ಔತಣದಲ್ಲಿ ನೀವು ಎದ್ದು ನಿಂತು, “ನನಗೆ ಮಗನಿಲ್ಲ, ಆದ್ದರಿಂದ ಈ ಪೀಠ ನನ್ನೊಂದಿಗೇ ಮುಗಿಯುತ್ತದೆ,” ಎಂದಿರಿ. ನಾನು ನಿಮ್ಮ ಎದುರಿಗೇ ಕುಳಿತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈಗ ಅದೇ ಪೀಠವನ್ನು ನಿಮ್ಮ ಕೆಳಗಿನಿಂದ ಎಳೆದು ನನ್ನ ಮುಂದೆ ಹಿಡಿಯುತ್ತಿದ್ದಾರೆ. ಬೇಡ ಎಂದು ಅಲ್ಲೇ ಹೇಳಬಹುದಿತ್ತು. ಯೋಚಿಸುತ್ತೇನೆ ಎಂದು ಬಂದೆ.

ಮಿಸೆಸ್ ಟಿಬೆಟ್ ದಾರಿಯಲ್ಲಿ ಸಿಕ್ಕಿದರು. ಬಿಡುವವರಲ್ಲ, ನಿಮಗೆ ಗೊತ್ತು. “ಏನ್ ಮಿಸ್ ಹೆಸ್ಟರ್, ಇವತ್ತು ಚಹಾಕ್ಕೆ ಬರಲ್ವಾ? ನಿಮ್ಮಪ್ಪ ಮೂವತ್ತನಾಲ್ಕು ವರ್ಷ ಎದ್ದು ಓಡಾಡಿ ನಮಗೆ ಮಾಡಿದ್ದು ಏನೂ ಕಾಣೆ. ಒಂದಿನ ಕುರ್ಚಿ ಬಿಟ್ಟು ಏಳ್ಲಿಲ್ಲ ನೋಡಿ, ನನ್ನ ಸೂರು ಉಳೀತು.”

ಅದಕ್ಕೇ ಕುಳಿತಿದ್ದಿರೋ? ಅಥವಾ ಇದ್ರಿಸ್‌ಗಾಗಿಯೋ? ಕರ್ನಲ್ ಕೇಳಿದ ಸಾಲನ್ನು ನೀವು ಬರೆದರೆ ನಾನು ಯಾರಿಗೂ ಏನೂ ಹೇಳುವುದಿಲ್ಲ. ಆದರೆ ನನಗೆ ನಿಜ ಬೇಕು.

ಹೆಸ್ಟರ್


ಕಾಮನ್ಸ್ ಸಭೆ
೧೫ ಮಾರ್ಚ್

ಮಗಳೇ,

ಗೊತ್ತಿತ್ತು. ನೆಸ್ಟಾ ಐದು ಗಂಟೆಗೆ ತಾನೇ ಫೋನ್ ಮಾಡಿದ್ದಳು. “ಮೊದಲು ನಿಮಗೇ ಹೇಳ್ತಿದೀನಿ, ನಿಮಗೆ ಇವತ್ತು ಮತ ಇದೆಯಂತಲ್ಲ,” ಎಂದಳು. ಗಂಡ ಸತ್ತು ಇನ್ನೂ ಹೊತ್ತಾಗಿಲ್ಲ, ನನ್ನ ಮಾತಿನ ಕಟ್ಟನ್ನು ಬಿಚ್ಚುವುದಕ್ಕೆ ಫೋನ್ ಮಾಡಿದ್ದಳು. ಅವರು ಅಂಥ ಜನ.

ಈಗ ನೀನು ಕೇಳಿದ್ದು. ಇದ್ರಿಸನಿಗಾಗಿ ಎಂದರೆ ಚೆನ್ನಾಗಿ ಕೇಳಿಸುತ್ತದೆ. ಮಿಸೆಸ್ ಟಿಬೆಟ್‌ಗಾಗಿ ಎಂದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಎರಡೂ ಅಲ್ಲ.

ಮತಕ್ಕೆ ಕರೆಯುವ ಗಂಟೆ ಹೊಡೆಯಿತು. ನಾನು ಎದ್ದೆ. ಹೌದು, ಎದ್ದಿದ್ದೆ. ಮಸೂದೆ ಒಪ್ಪಿ ಮತ ಹಾಕುವವರು ಬಲಗಡೆಯ ಬಾಗಿಲು ದಾಟಬೇಕು, ಒಪ್ಪದವರು ಎಡಗಡೆಯ ಬಾಗಿಲು. ಓಣಿಯ ಅರ್ಧ ದಾರಿಗೆ ಬಂದಾಗ ನೋಡುತ್ತೇನೆ, ಕಾಲು ತಾನಾಗಿ ಎಡಕ್ಕೆ ಹೊರಳುತ್ತಿದೆ. ನಾನು ಅದಕ್ಕೆ ಹೇಳಿರಲಿಲ್ಲ. ನನ್ನಪ್ಪನ ಕಾಲು, ಅವರಪ್ಪನ ಕಾಲು ಇಂಥ ಮಸೂದೆ ಬಂದಾಗಲೆಲ್ಲ ಹೊರಳಿದ್ದು ಹೀಗೇ ಇರಬೇಕು. ಗೌಳಿಯ ಕುದುರೆ ಗಾಡಿಯವನು ಮಲಗಿದ್ದರೂ ಮನೆ ಮನೆ ಮುಂದೆ ನಿಲ್ಲುವುದಿಲ್ಲವೇ, ಹಾಗೆ. ಆ ಮಸೂದೆ ಕೆಟ್ಟದ್ದೋ ಒಳ್ಳೆಯದೋ ನನಗೆ ಗೊತ್ತಿರಲಿಲ್ಲ, ಹೆಸ್ಟರ್. ಓದಿರಲೇ ಇಲ್ಲ. ಯಾವುದನ್ನೂ ಓದಿಲ್ಲ. ಓದುವ ಅಗತ್ಯ ಬರಲಿಲ್ಲ.

ಬಲಕ್ಕೆ ಹೋಗುವ ಧೈರ್ಯ ಇರಲಿಲ್ಲ. ಎಡಕ್ಕೆ ಹೋಗುವ ಮನಸ್ಸು ಬರಲಿಲ್ಲ. ಹಿಂದಕ್ಕೆ ಬಂದು ಗ್ರಂಥಾಲಯದಲ್ಲಿ ಕುಳಿತೆ. ನನಗೆ ಜೋಡಿ ಇದೆ ಎಂದು ನನಗೇ ಹೇಳಿಕೊಂಡೆ. ಸತ್ತವನ ಹಿಂದೆ ಅವಿತುಕೊಂಡೆ. ಇದ್ರಿಸ್ ಇದ್ದಿದ್ದರೆ ನಗುತ್ತಿದ್ದ, ಆಮೇಲೆ ಬೈಯುತ್ತಿದ್ದ.

ಪೆಂಬರಿ ಕೇಳಿದ ಸಾಲು ಬರೆಯಲಾರೆ. ನೆಸ್ಟಾ ಫೋನ್ ಮಾಡಲಿಲ್ಲ ಎಂದು ಬರೆದ ಹಾಗಾಗುತ್ತದೆ. ಬೇರೆ ಸಾಲೊಂದನ್ನು ಇದರ ಜೊತೆಗೆ ಇಟ್ಟಿದ್ದೇನೆ. ಸಭೆಯಲ್ಲಿ ಓದು.

ಪೀಠ ನಿನಗೆ ಬೇಕಿದ್ದರೆ ತೆಗೆದುಕೋ. ನನಗೆ ನೋವಾಗುತ್ತದೆಂದು ಬಿಡಬೇಡ. ಮನೆತನಕ್ಕೆಂದು ಹಿಡಿಯಲೂ ಬೇಡ.

ಅಪ್ಪ


ಕಾಲ್ಡ್‌ಮೋರ್
೨೭ ಮಾರ್ಚ್

ಪ್ರೀತಿಯ ಅಪ್ಪ,

ಹೊಸ ಕುರಿಗಾಹಿ ಶುಕ್ರವಾರ ಬಂದ. ಕುದುರೆಲಾಯದ ಮೇಲಿನ ಕೋಣೆಗಳಲ್ಲಿ ಇಳಿಸಿದ್ದೇನೆ. ಹೊಗೆ ಕಟ್ಟಿಕೊಳ್ಳುತ್ತದೆ ಎಂದು ಅವನ ಹೆಂಡತಿ ಮುಖ ಸಿಂಡರಿಸಿಕೊಂಡಿದ್ದಾಳೆ. ಅವಳದು ತಪ್ಪಲ್ಲ.

ನಿನ್ನೆ ಸಭೆ. ಕೋಣೆ ತುಂಬಿತ್ತು. ನಿಮ್ಮ ಸಾಲು ಓದಿದೆ: “ನನಗೆ ಗೊತ್ತಿತ್ತು. ಲಯನೆಲ್ ಟರ್ವಿಲ್.”

ಹಿಂದಿನಿಂದ ಯಾರೋ, “ಅಷ್ಟೇನಾ?” ಎಂದರು.

“ಅಷ್ಟೇ,” ಎಂದೆ.

ಕರ್ನಲ್ ಮೂಗು ಒರೆಸಿಕೊಂಡರು. ಅವರಿಗೆ ನಿಜವಾಗಿ ಬೇಸರವಾಗಿತ್ತು. ನಿಮ್ಮ ಮೇಲೆ ಪ್ರೀತಿ ಇಲ್ಲದವರಲ್ಲ. ಕೈ ಎತ್ತಿಸಿದರು. ಮುಂದಿನ ಚುನಾವಣೆಗೆ ನೀವು ಅಭ್ಯರ್ಥಿಯಲ್ಲ. ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

“ಹಾಗಾದ್ರೆ ಹೆಸ್ಟರ್ ಟರ್ವಿಲ್ ಅವರ ಹೆಸರು...” ಎಂದು ಕರ್ನಲ್ ಶುರುಮಾಡಿದ್ದರು. ಮಿಸೆಸ್ ಗಾರ್ಸೈಡ್ ಹೆಣಿಗೆ ಕೆಳಗಿಟ್ಟರು.

“ಒಂದು ಪ್ರಶ್ನೆ ಇತ್ತು.”

“ಟರ್ವಿಲ್ ಮನೆಯವರಿಗೆ ಪ್ರಶ್ನೆ ಕೇಳೋ ಪದ್ಧತಿ ನಮ್ಮಲ್ಲಿಲ್ಲ, ಮಿಸೆಸ್ ಗಾರ್ಸೈಡ್.”

“ಅದೇ ಎಡವಟ್ಟಾಗಿದ್ದು, ಕರ್ನಲ್ರೇ. ಮಾಂಸ ಕೊಯ್ಯೋಕೆ ಆಳು ಇಟ್ಕೋಬೇಕಾದ್ರೂ ನಾನು ನಾಲ್ಕು ಮಾತು ಕೇಳ್ತೀನಪ್ಪ. ಹೇಳಮ್ಮ ತಾಯಿ, ಅವತ್ತು ಸಂಜೆ ಏಳು ಗಂಟೆಗೆ ನಿಮ್ಮಪ್ಪನ ಜಾಗದಲ್ಲಿ ನೀನಿದ್ದಿದ್ರೆ, ಯಾವ ಬಾಗಿಲು?”

“ಎಡಗಡೆ,” ಎಂದೆ.

ಅಪ್ಪ, ಅವರು ಪ್ರಶ್ನೆ ಮುಗಿಸುವ ಮೊದಲೇ ಅದು ನನ್ನ ಬಾಯಲ್ಲಿತ್ತು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಯಾರೋ ನೆಲಕ್ಕೆ ಕೋಲು ಕುಟ್ಟಿದರು. ಮಿಸೆಸ್ ಗಾರ್ಸೈಡ್ ಮಾತ್ರ ನನ್ನನ್ನೇ ನೋಡುತ್ತಿದ್ದರು. ಆ ಸದ್ದಿನಲ್ಲಿ ನಿಂತು ನಾನು ಹುಡುಕಿದೆ, ಆ ಉತ್ತರದ ಹಿಂದೆ ನನ್ನದೊಂದು ಕಾರಣ ಇದೆಯೇ ಎಂದು. ಕುರಿ ಈಯುವ ಕಾಲ, ಕೊಟ್ಟಿಗೆ, ಎಲ್ಲ ಇತ್ತು. ಅವು ಉತ್ತರ ಬಂದ ಮೇಲೆ ಬಂದವು.

ಚಪ್ಪಾಳೆ ನಿಂತಾಗ ಹೇಳಿದೆ, “ಯೋಚನೆ ಮಾಡಿ ಹೇಳಿದ್ದಲ್ಲ ಅದು. ನಮ್ಮ ಮನೆಯವರಿಗೆಲ್ಲ ತಾನಾಗೇ ಬಂದ್ಬಿಡತ್ತೆ. ಅದಕ್ಕೇ ನಾನು ಬೇಡ.”

“ಉತ್ತರ ಸರಿಯಾಗೇ ಇದೆಯಲ್ಲಮ್ಮ!” ಎಂದರು ಕರ್ನಲ್. ಪಾಪ, ಅವರ ಮುಖ ನೋಡಬೇಕಿತ್ತು ನೀವು.

ಇನ್ನು ಜಾಹೀರಾತು ಕೊಟ್ಟು ಅರ್ಜಿ ಕರೆಯುತ್ತಾರಂತೆ. ಬರ್ಮಿಂಗ್‌ಹ್ಯಾಮಿನ ವಕೀಲನೊಬ್ಬ ಈಗಾಗಲೇ ವಿಚಾರಿಸಿದ್ದಾನಂತೆ. ಅವನಿಗೆ ಎಡವೋ ಬಲವೋ ನಮಗೇನು ಗೊತ್ತು. ನನಗಿಂತ ಚೆನ್ನಾಗಿ ಯೋಚಿಸುತ್ತಾನೆಂದು ಏನು ಭರವಸೆ? ಮಾಡಿದ್ದು ಸರಿಯೋ, ಬರೀ ಜಂಬವೋ, ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ತಿಳಿಯುತ್ತಿಲ್ಲ.

ಬರುವಾಗ ಸೇತುವೆಯ ಹತ್ತಿರ ಕಾರು ನಿಲ್ಲಿಸಬೇಕಾಯಿತು. ರಸ್ತೆ ಕಾಣಿಸುತ್ತಿರಲಿಲ್ಲ. ಬೇಕಾಗಿತ್ತು, ಅಪ್ಪ. ಇಪ್ಪತ್ತು ವರ್ಷದಿಂದ ನನಗೆ ಆ ಪೀಠ ಬೇಕಾಗಿತ್ತು. ನೀವು ಒಮ್ಮೆಯೂ ಕೇಳಲಿಲ್ಲ, ನಾನು ಒಮ್ಮೆಯೂ ಹೇಳಲಿಲ್ಲ.

ನಿಮ್ಮ,
ಹೆಸ್ಟರ್


ಕಾಮನ್ಸ್ ಸಭೆ
೫ ಏಪ್ರಿಲ್

ಮಗಳೇ,

ಆ ಔತಣದಲ್ಲಿ ಏನು ಹೇಳಿದೆನೆಂದು ನೆನಪಿಲ್ಲ ಎಂದು ಬರೆಯಲು ಕುಳಿತೆ. ಆ ಹಾಳೆ ಹರಿದುಹಾಕಿದೆ. ನೆನಪಿದೆ. ನೀನು ಚಪ್ಪಾಳೆ ತಟ್ಟಿದ್ದೂ ನೆನಪಿದೆ. ನೀನು ತಟ್ಟುತ್ತಿದ್ದೀಯಲ್ಲ, ಹಾಗಾದರೆ ಪರವಾಗಿಲ್ಲ ಎಂದುಕೊಂಡೆ. ನನಗೆ ಅದು ಅನುಕೂಲವಾಗಿತ್ತು.

ಇನ್ನೇನು ಬರೆಯಲಿ. ಈ ಸಲ ಈಸ್ಟರಿಗೆ ಬಂದವನು ಒಂದು ವಾರ ಇರುತ್ತೇನೆ. ಮಾತಾಡೋಣ. ಮಾತಾಡಲು ಬಾರದಿದ್ದರೆ ಕುಳಿತಿರೋಣ.

ಇದ್ರಿಸ್ ಇಲ್ಲದ ಮೇಲೆ ನನಗೆ ಜೋಡಿ ಇಲ್ಲ. ಹೊರಹೋಗುವ ಮುದುಕನಿಗೆ ಜೋಡಿಯಾಗಲು ಯಾರೂ ಬರುವುದಿಲ್ಲ. ಆದ್ದರಿಂದ ಪ್ರತಿ ಮತಕ್ಕೂ ಹಾಜರಾಗಬೇಕು. ಇವತ್ತು ಸಂಜೆ ಒಂದಿದೆ, ಹೆರಿಂಗ್ ಮೀನಿನ ಬಲೆಯ ಕಣ್ಣು ಎಷ್ಟು ಅಗಲ ಇರಬೇಕು ಎಂಬ ಬಗ್ಗೆ. ಯಾವ ಬಾಗಿಲೆಂದು ವಿಪ್ ಆಗಲೇ ಚೀಟಿ ಕಳಿಸಿದ್ದಾರೆ. ನಾನು ಮಸೂದೆಯನ್ನೇ ತರಿಸಿಕೊಂಡು ಗ್ರಂಥಾಲಯದಲ್ಲಿ ಕುಳಿತಿದ್ದೇನೆ. ಗ್ರಂಥಪಾಲಕ ನನ್ನನ್ನೇ ಎರಡು ಸಲ ತಿರುಗಿ ನೋಡಿದ. ನಲವತ್ತು ಪುಟ ಇದೆ, ಅಕ್ಷರ ಸಣ್ಣ. ಈಗ ಒಂಬತ್ತನೆಯ ಪುಟದಲ್ಲಿದ್ದೇನೆ. ಇನ್ನೂ ಏನೂ ತೀರ್ಮಾನವಾಗಿಲ್ಲ.

ಅಪ್ಪ